ವಿಜ್ಞಾನ, ತಂತ್ರಜ್ಞಾನದ ಪುಸ್ತಕ ಅರ್ಧಕ್ಕೆ ನಿಲ್ಲದಂತೆ ಓದುವುದು ಹೇಗೆ? ನಿಮ್ಮ ತಾಲ್ಲೂಕಿನಿಂದ ಶುರು ಮಾಡಿ

‘ತಂತ್ರಜ್ಞಾನದಿಂದ ಜನರ ಬದುಕು ಹೇಗೆ ಬದಲಾಗ್ತಿದೆ ಅನ್ನೋದರ ಬಗ್ಗೆ ಒಂದು ಒಳ್ಳೆ ಪುಸ್ತಕ ಹೇಳಿ.’ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ‘ಹೋದ ಸಲ ತಂದಿದ್ದು ಅರವತ್ತನೇ ಪುಟದಲ್ಲೇ ನಿಂತಿದೆ.’

ಎರಡಕ್ಕೂ ಕಾರಣ ಒಂದೇ ಎಂದು ನನಗೆ ಅನ್ನಿಸುತ್ತದೆ. ನಾವು ಪುಸ್ತಕದ ಹೆಸರು ಮೊದಲು ಕೇಳುತ್ತೇವೆ, ನಮಗೆ ಏನು ತಿಳಿಯಬೇಕು ಅನ್ನೋದನ್ನು ಆಮೇಲೆ ಯೋಚಿಸುತ್ತೇವೆ. ಈ ಬಗೆಯ ಪುಸ್ತಕಗಳಲ್ಲಿ ಉದಾಹರಣೆಗಳೆಲ್ಲ ದೂರದ ಊರುಗಳವು. ಕೈಯಲ್ಲಿ ನಮ್ಮದೇ ಒಂದು ಪ್ರಶ್ನೆ ಇಲ್ಲದಿದ್ದರೆ ಅವು ಬೇಗ ಬೇಜಾರು ಬರಿಸುತ್ತವೆ. ನಮ್ಮ ಮೂರು ಜಿಲ್ಲೆಗಳಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಅದನ್ನೇ ಬಳಸಿಕೊಂಡು ಓದುವ ದಾರಿ ಇಲ್ಲಿದೆ.

ಬೇಕಾಗುವುದು ಇಷ್ಟು: ಒಂದು ನೋಟ್‌ಬುಕ್, ಒಂದು ಪೆನ್ಸಿಲ್ (ಗ್ರಂಥಾಲಯದ ಪುಸ್ತಕಕ್ಕೆ ಪೆನ್ ಮುಟ್ಟಿಸಬೇಡಿ), ಮೊಬೈಲ್‌ನ ಕ್ಯಾಲ್ಕುಲೇಟರ್, ಹತ್ತಿರದ ಗ್ರಂಥಾಲಯದ ಸದಸ್ಯತ್ವ. ವಿಜ್ಞಾನ ಪದವಿ ಬೇಕಿಲ್ಲ. ಹತ್ತನೇ ತರಗತಿಯ ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು.

ಹಂತ 1: ಮೊದಲು ಪ್ರಶ್ನೆ ಬರೆಯಿರಿ

ನೋಟ್‌ಬುಕ್‌ನ ಮೊದಲ ಪುಟದಲ್ಲಿ ನಿಮ್ಮ ತಾಲ್ಲೂಕಿನ ಒಂದು ಸಂಗತಿ ಬರೆಯಿರಿ. ಅದು ಯಂತ್ರ, ರಾಸಾಯನಿಕ, ವಿದ್ಯುತ್, ನೀರು, ಮೊಬೈಲ್ ಯಾವುದಕ್ಕೆ ಸಂಬಂಧಿಸಿದ್ದಾದರೂ ಸರಿ. ಅದರಿಂದ ನಿಮ್ಮ ಸುತ್ತಲಿನ ಯಾರ ಬದುಕಾದರೂ ಬದಲಾಗಿರಬೇಕು, ಅಷ್ಟೇ.

ಹೊಳೆಯದಿದ್ದರೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಪಾವಗಡದ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ. ವರ್ಷ ವರ್ಷ ಆಳಕ್ಕೆ ಇಳಿಯುವ ಕೊಳವೆಬಾವಿ. ಕುಡಿಯುವ ನೀರಿನ ಫ್ಲೋರೈಡ್. 2001ರಲ್ಲಿ ಬಾಗಿಲು ಹಾಕಿದ ಕೆಜಿಎಫ್‌ನ ಚಿನ್ನದ ಗಣಿ, ಅದು ಬಿಟ್ಟುಹೋದ ಸೈನೈಡ್ ದಿಬ್ಬಗಳು. ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ಅಜ್ಜಿ ವಾಪಸ್ ಬರುವುದು.

ಇಲ್ಲಿ ಜನ ಎಡವುವುದು ಪ್ರಶ್ನೆಯನ್ನು ಆಕಾಶದಷ್ಟು ಅಗಲ ಮಾಡಿಕೊಂಡು. ‘ಎಐ ಮನುಷ್ಯಕುಲವನ್ನು ಏನು ಮಾಡುತ್ತದೆ?’ ಎಂದು ಬರೆದರೆ ಯಾವ ಪುಸ್ತಕವೂ ಉತ್ತರ ಕೊಡುವುದಿಲ್ಲ. ‘ಟ್ರ್ಯಾಕ್ಟರ್ ಸಾಲಕ್ಕೆ ನನ್ನ ಅರ್ಜಿ ಬೇಡ ಎಂದಿದ್ದು ಮ್ಯಾನೇಜರೋ ಕಂಪ್ಯೂಟರೋ?’ ಎಂದು ಬರೆಯಿರಿ. ಓದುವಾಗ ಹಿಡಿದುಕೊಳ್ಳಲು ಅದು ಸಾಕು.

ಹಂತ 2: ಪುಸ್ತಕ ಹುಡುಕಿ

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದರ ಹೆಸರು ಅರಿವು ಕೇಂದ್ರ. ಪಟ್ಟಣದಲ್ಲಿದ್ದರೆ ಜಿಲ್ಲಾ ಅಥವಾ ನಗರ ಕೇಂದ್ರ ಗ್ರಂಥಾಲಯ. ವಿಳಾಸದ ದಾಖಲೆ, ಫೋಟೊ, ಸಣ್ಣದೊಂದು ಠೇವಣಿ ಕೇಳುತ್ತಾರೆ. ಕೊಡಲು ಹಿಂಜರಿಯಬೇಡಿ. ಕಟ್ಟಡ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ, ರಸೀದಿ ನೋಡಿ.

ನಾವು ಹುಡುಕುವ ಪುಸ್ತಕಗಳು ಒಂದೇ ಕಪಾಟಿನಲ್ಲಿ ಇರುವುದಿಲ್ಲ. ‘ವಿಜ್ಞಾನ’ ಎಂದು ಬರೆದಿರುವ ಕಡೆ ಮಾತ್ರ ನೋಡಿ ‘ಏನೂ ಇಲ್ಲ’ ಎಂದು ವಾಪಸ್ ಬರುವವರೇ ಜಾಸ್ತಿ. ಬಹಳ ಗ್ರಂಥಾಲಯಗಳು ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುತ್ತವೆ. ದಶಮಾನ ವರ್ಗೀಕರಣ ಎನ್ನುವುದು ಅದನ್ನೇ. ಅದರಲ್ಲಿ 500ರಿಂದ ವಿಜ್ಞಾನ, 600ರಿಂದ ತಂತ್ರಜ್ಞಾನ, 300ರಿಂದ ಸಮಾಜ ವಿಜ್ಞಾನ ಶುರುವಾಗುತ್ತದೆ. ತಂತ್ರಜ್ಞಾನದಿಂದ ಸಮಾಜ ಬದಲಾದ ಕಥೆ 303ರಲ್ಲಿ, ಮಾಲಿನ್ಯ, ಪರಿಸರದ ಸಮಸ್ಯೆ 363ರಲ್ಲಿ, ಕಂಪ್ಯೂಟರ್ 004ರ ಆಸುಪಾಸಿನಲ್ಲಿ ಸಿಗುತ್ತದೆ. ಕನ್ನಡದಲ್ಲಿ ಇಂಥ ಬರಹ ಎಷ್ಟೋ ಸಲ ‘ಪ್ರಬಂಧ’ ಅಥವಾ ‘ಜೀವನಚರಿತ್ರೆ’ ಕಪಾಟಿನಲ್ಲಿ ಕೂತಿರುತ್ತದೆ. ಅಲ್ಲೂ ಕಣ್ಣು ಹಾಯಿಸಿ.

ಕನ್ನಡದಲ್ಲಿ ಈ ಸರಕು ಇಲ್ಲ ಎನ್ನುವವರಿಗೆ ಒಂದು ಮಾತು. 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟಿತ್ತು. ಅದನ್ನು ನಡೆಸಿದವರಲ್ಲಿ ಒಬ್ಬರು ಬೆಳ್ಳಾವೆ ವೆಂಕಟನಾರಣಪ್ಪ. ನಮ್ಮ ತುಮಕೂರು ಪಕ್ಕದ ಬೆಳ್ಳಾವೆಯೇ! ಗೌರಿಬಿದನೂರಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯ ಭೌತವಿಜ್ಞಾನದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಅವರ ‘ತೆರೆದ ಮನ’ ಮತ್ತು ‘ಹೋರಾಟದ ಹಾದಿ’ ಓದಲು ತೊಡಕಿಲ್ಲ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ನವಕರ್ನಾಟಕ ಪ್ರಕಾಶನದ ತೆಳು ಪುಸ್ತಕಗಳನ್ನು ಮಕ್ಕಳದ್ದು ಎಂದು ಪಕ್ಕಕ್ಕಿಡಬೇಡಿ. ಹೊಸ ವಿಷಯಕ್ಕೆ ಕಾಲಿಡುವ ದೊಡ್ಡವರಿಗೆ ನಾನು ಮೊದಲು ಹೇಳುವುದು ಅವನ್ನೇ.

ಹಂತ 3: ಮನೆಗೆ ತರುವ ಮೊದಲು ಹತ್ತು ನಿಮಿಷ ಕೂತು ನೋಡಿ

ಮುಖಪುಟ, ಬೆನ್ನಿನ ಮೇಲಿನ ಹೊಗಳಿಕೆ ಬಿಡಿ. ಈ ನಾಲ್ಕು ನೋಡಿ.

ಒಂದು, ವರ್ಷ. ಮೊದಲ ಮುದ್ರಣ ಯಾವಾಗ ಆಯಿತು? ಮರುಮುದ್ರಣದ ವರ್ಷ ನೋಡಿ ಹೊಸ ಪುಸ್ತಕ ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಹಳೆಯ ಪುಸ್ತಕ ಕೆಟ್ಟದ್ದು ಅಂತಲ್ಲ. ರೇಚೆಲ್ ಕಾರ್ಸನ್ ಬರೆದ ‘ಸೈಲೆಂಟ್ ಸ್ಪ್ರಿಂಗ್’ ಬಂದಿದ್ದು 1962ರಲ್ಲಿ. ಕೀಟನಾಶಕ ಮಣ್ಣು, ನೀರು, ಹಕ್ಕಿಗಳಿಗೆ ಏನು ಮಾಡುತ್ತದೆ ಎಂದು ಅಮೆರಿಕದ ಜನರಿಗೆ ಹೇಳಿದ ಪುಸ್ತಕ. ಅಲ್ಲಿ ಡಿಡಿಟಿ ಎಂಬ ಕೀಟನಾಶಕದ ಮೇಲೆ ನಿಷೇಧ ಬಿದ್ದಿದ್ದು 1972ರಲ್ಲಿ. ನಮ್ಮಲ್ಲಿ ಹೊಲಕ್ಕೆ ಅದನ್ನು ಹೊಡೆಯುವುದು ನಿಂತರೂ ಸೊಳ್ಳೆ ಕೊಲ್ಲಲು ಬಳಸುವುದು ಮುಂದುವರಿಯಿತು. ಪುಸ್ತಕ ಯಾವ ಕಾಲದ್ದು, ಯಾವ ದೇಶದ್ದು ಎಂದು ತಿಳಿದು ಓದಿದರೆ ಅದರ ಬಲ ಕಡಿಮೆಯಾಗುವುದಿಲ್ಲ. ತಿಳಿಯದೆ ಓದಿದರೆ ಇವತ್ತಿನ ತೋಟಕ್ಕೆ ಅರವತ್ತು ವರ್ಷದ ಹಿಂದಿನ ಅಳತೆ ಹಿಡಿಯುತ್ತೀರಿ.

ಎರಡು, ಲೇಖಕರು ಯಾರು, ಸಂಬಳ ಎಲ್ಲಿಂದ. ಕಂಪನಿಯಲ್ಲಿ ಇದ್ದವರು ಬರೆದರೆ ಒಳಗಿನ ವಿಷಯ ಸಿಗುತ್ತದೆ, ಸ್ವಂತ ಹಿತವೂ ಸೇರಿರಬಹುದು. ಆ ಕಾರಣಕ್ಕೆ ಪುಸ್ತಕ ಕೆಳಗಿಡಬೇಡಿ, ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಮೂರು, ಹಿಂದಿನ ಪುಟಗಳು. ಯಾವ ಮಾತು ಎಲ್ಲಿಂದ ಬಂತು ಎಂಬ ಟಿಪ್ಪಣಿಗಳಿವೆಯೇ? ಪದಸೂಚಿ, ಅಂದರೆ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ತಿಳಿಸುವ ಪಟ್ಟಿ, ಇದೆಯೇ? ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಸಲ ಇವೆರಡೂ ಇರುವುದಿಲ್ಲ. ಇದು ನಮ್ಮ ಪ್ರಕಾಶಕರು ಸರಿಮಾಡಿಕೊಳ್ಳಬೇಕಾದ ವಿಷಯ. ಟಿಪ್ಪಣಿ ಇಲ್ಲದೆ ‘ಸಂಶೋಧನೆಗಳು ಹೇಳುತ್ತವೆ’ ಎಂಬ ಸಾಲು ಮತ್ತೆ ಮತ್ತೆ ಬಂದರೆ ಎಚ್ಚರ.

ನಾಲ್ಕು, ನಿಮಗೆ ಗೊತ್ತಿರುವ ವಿಷಯದ ಪುಟ ತೆಗೆಯಿರಿ. ನೀವು ರೇಷ್ಮೆ ಸಾಕುವವರಾದರೆ, ಟೊಮ್ಯಾಟೊ ಬೆಳೆಯುವವರಾದರೆ, ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರಾದರೆ, ನಿಮ್ಮ ಕೆಲಸದ ಬಗ್ಗೆ ಅಥವಾ ಅದಕ್ಕೆ ಹತ್ತಿರದ್ದರ ಬಗ್ಗೆ ಲೇಖಕರು ಬರೆದ ಒಂದು ಪುಟ ಓದಿ. ಅಲ್ಲಿ ಎಡವಿದ್ದರೆ ಗೊತ್ತಿಲ್ಲದ ಪುಟಗಳಲ್ಲೂ ಎಡವಿರಬಹುದು. ನಾಲ್ಕರಲ್ಲಿ ನಾನು ಜಾಸ್ತಿ ನಂಬುವುದು ಇದನ್ನೇ.

ಹಂತ 4: ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲೇಬೇಕಿಲ್ಲ

ಇದು ಕಾದಂಬರಿಯಲ್ಲ, ಕೊನೆ ಗೊತ್ತಾದರೆ ರುಚಿ ಕೆಡುವುದಿಲ್ಲ. ಮುನ್ನುಡಿ ಓದಿ. ನೇರ ಕೊನೆಯ ಅಧ್ಯಾಯಕ್ಕೆ ಹೋಗಿ. ಲೇಖಕರ ವಾದ ಏನು ಎಂದು ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಆಮೇಲೆ ಪರಿವಿಡಿ ನೋಡಿ, ನಿಮ್ಮ ಪ್ರಶ್ನೆಗೆ ಹತ್ತಿರದ ಅಧ್ಯಾಯ ಮೊದಲು ಓದಿ. ಉಳಿದದ್ದು ಬೇಕೆನಿಸಿದರೆ. ಅರವತ್ತನೇ ಪುಟದಲ್ಲಿ ನಿಲ್ಲುವ ಕಾಯಿಲೆಗೆ ನನಗೆ ಗೊತ್ತಿರುವ ಮದ್ದು ಇದು.

ಅರ್ಥವಾಗದ ಪದ ಬಂದಾಗೆಲ್ಲ ನಿಲ್ಲಬೇಡಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಮುಂದೆ ಹೋಗಿ. ಮೂರನೇ ಸಲ ಅದೇ ಪದ ಬಂದರೆ ಆಗ ಹುಡುಕಿ. ಪದೇ ಪದೇ ಸಿಗುವ ಒಂದೆರಡನ್ನು ಇಲ್ಲೇ ಹೇಳಿಬಿಡುತ್ತೇನೆ. ಆಲ್ಗರಿದಮ್ ಎಂದರೆ ಕಂಪ್ಯೂಟರ್ ಒಂದು ತೀರ್ಮಾನಕ್ಕೆ ಬರಲು ಅನುಸರಿಸುವ ಹೆಜ್ಜೆಗಳ ಪಟ್ಟಿ. ಡೇಟಾ ಎಂದರೆ ಆ ಹೆಜ್ಜೆಗಳಿಗೆ ಒದಗಿಸುವ ಮಾಹಿತಿ. ಪ್ರಾಕ್ಸಿ ಎಂದರೆ ನೇರ ಅಳೆಯಲಾಗದ್ದಕ್ಕೆ ಬದಲಾಗಿ ಅಳೆಯುವ ಇನ್ನೊಂದು ವಸ್ತು. ನಿಮ್ಮ ಪ್ರಾಮಾಣಿಕತೆ ಅಳೆಯಲಾಗದು, ಅದಕ್ಕೆ ಹಳೆಯ ಸಾಲದ ಕಂತುಗಳನ್ನು ನೋಡುತ್ತಾರೆ ಅಲ್ವಾ, ಹಾಗೆ. ಕ್ಯಾಥಿ ಓನೀಲ್ ಎಂಬ ಗಣಿತಜ್ಞೆ 2016ರಲ್ಲಿ ಬರೆದ ‘ವೆಪನ್ಸ್ ಆಫ್ ಮ್ಯಾತ್ ಡಿಸ್ಟ್ರಕ್ಷನ್’ ಪುಸ್ತಕದಲ್ಲಿ ಈ ಮೂರೂ ಬರುತ್ತವೆ. ಉದಾಹರಣೆಗಳು ಬಹುತೇಕ ಅಮೆರಿಕದವು: ಅಲ್ಲಿನ ಶಿಕ್ಷಕರಿಗೆ ಅಂಕ ಕೊಡುವ ಸಾಫ್ಟ್‌ವೇರ್, ಅಲ್ಲಿನ ವಿಮೆ, ಅಲ್ಲಿನ ಪೊಲೀಸರು. ಪ್ರತಿ ಉದಾಹರಣೆಯ ಪಕ್ಕ ‘ನಮ್ಮಲ್ಲಿ ಇದಕ್ಕೆ ಹೋಲುವುದು ಯಾವುದು?’ ಎಂದು ಬರೆಯುತ್ತಾ ಹೋಗಿ. ಕೆಲವಕ್ಕೆ ಉತ್ತರ ಸಿಗುವುದಿಲ್ಲ. ಸಿಗದ್ದನ್ನೂ ಬರೆಯಿರಿ, ಎಲ್ಲವೂ ನಮಗೆ ಅನ್ವಯಿಸಲೇಬೇಕು ಎಂದೇನಿಲ್ಲ.

ಯೂಟ್ಯೂಬ್ ಸಾರಾಂಶ, ಎಐ ಸಾರಾಂಶ ಓದಿದರೆ ಸಾಲದೇ? ಪುಸ್ತಕ ಬೇಕೋ ಬೇಡವೋ ಎಂದು ನಿರ್ಧರಿಸಲು ಸಾಕು. ಪುಸ್ತಕದ ಬಗ್ಗೆ ಮಾತಾಡಲು ಸಾಲದು. ಕಾರ್ಸನ್ ಎಲ್ಲ ಕೀಟನಾಶಕಗಳನ್ನೂ ನಿಷೇಧಿಸಿ ಎಂದರು ಎಂದು ಬಹಳ ಕಡೆ ಓದುತ್ತೀರಿ. ಅವರು ಹೇಳಿದ್ದು ಪರಿಣಾಮ ತಿಳಿಯದೆ ಸಿಕ್ಕ ಸಿಕ್ಕಲ್ಲಿ ಸುರಿಯಬೇಡಿ ಎಂದು. ಈ ವ್ಯತ್ಯಾಸ ಸಾರಾಂಶದಲ್ಲಿ ಕಳೆದುಹೋಗುತ್ತದೆ. ಎಐ ಕೊಡುವ ಪುಟಸಂಖ್ಯೆಯನ್ನಂತೂ ಪುಸ್ತಕ ತೆರೆದು ನೋಡದೆ ನಂಬಬೇಡಿ. ಇಲ್ಲದ ಪುಟ, ಇಲ್ಲದ ಸಾಲನ್ನು ಅದು ಧೈರ್ಯವಾಗಿ ಹೇಳುತ್ತದೆ.

ಹಂತ 5: ಅಂಕಿ ಬಂದಾಗ ಕ್ಯಾಲ್ಕುಲೇಟರ್ ತೆಗೆಯಿರಿ

ಇಲ್ಲಿ ನಿಧಾನ ಮಾಡಿ. ಈ ಪುಸ್ತಕಗಳಲ್ಲಿ ಓದುಗರು ಮೋಸ ಹೋಗುವುದು ಸುಳ್ಳು ಅಂಕಿಗಳಿಂದ ಅಲ್ಲ. ನಿಜವಾದ ದೊಡ್ಡ ಅಂಕಿಯ ಮುಂದೆ ಕಣ್ಣುಬಿಟ್ಟು ನಿಲ್ಲುವುದರಿಂದ. ನಮ್ಮ ಕಡೆಯ ಅಂಕಿಗಳಲ್ಲೇ ಅಭ್ಯಾಸ ಮಾಡೋಣ.

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಮೆಗಾವ್ಯಾಟ್ ಎನ್ನುವುದು ಸಾಮರ್ಥ್ಯ, ಅಂದರೆ ಬಿಸಿಲು ಚೆನ್ನಾಗಿದ್ದಾಗ ಆ ಗಳಿಗೆಯಲ್ಲಿ ಎಷ್ಟು ಕೊಡಬಲ್ಲದು ಎಂಬ ಲೆಕ್ಕ. ನಿಮ್ಮ ಬಿಲ್ಲಿನಲ್ಲಿರುವ ಯೂನಿಟ್ ಬೇರೆ. ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 2,050 ಮೆಗಾವ್ಯಾಟ್ ಪೂರ್ತಿ ಬಲದಲ್ಲಿ ಒಂದು ಗಂಟೆ ಓಡಿದರೆ 20.5 ಲಕ್ಷ ಯೂನಿಟ್. ಅದನ್ನು 24ರಿಂದ ಗುಣಿಸಿದರೆ ಐದು ಕೋಟಿ ಹತ್ತಿರ ಬರುತ್ತದೆ. ಆದರೆ ರಾತ್ರಿ ಬಿಸಿಲಿಲ್ಲ, ಬೆಳಿಗ್ಗೆ ಸಂಜೆ ಕಡಿಮೆ, ಮೋಡವೂ ಉಂಟು. ವರ್ಷದ ಸರಾಸರಿಯಲ್ಲಿ ಸೋಲಾರ್ ಫಲಕಗಳು ಸಾಮರ್ಥ್ಯದ ಐದನೇ ಒಂದು ಭಾಗದ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ ಎಂದು ಹಿಡಿದರೆ ದಿನಕ್ಕೆ ಒಂದು ಕೋಟಿ ಯೂನಿಟ್. ಅದೂ ದೊಡ್ಡದೇ. ಆದರೆ ಐದು ಕೋಟಿಯಲ್ಲ. ಯಾವ ಪುಸ್ತಕದಲ್ಲಾದರೂ ಸೋಲಾರ್, ಗಾಳಿ, ಕಲ್ಲಿದ್ದಲಿನ ಸ್ಥಾವರಗಳನ್ನು ಬರೀ ಮೆಗಾವ್ಯಾಟ್‌ನಲ್ಲಿ ಹೋಲಿಸಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಕೆ.ಸಿ. ವ್ಯಾಲಿಗೆ ಬನ್ನಿ. 2018ರಲ್ಲಿ ಕೋಲಾರಕ್ಕೆ ನೀರು ಬರಲು ಶುರುವಾಯಿತು. ಯೋಜನೆಯ ಲೆಕ್ಕ 440 ಎಂಎಲ್‌ಡಿ, ಅಂದರೆ ದಿನಕ್ಕೆ 44 ಕೋಟಿ ಲೀಟರ್. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನ ಸುಮಾರು 15.4 ಲಕ್ಷ. ಭಾಗಿಸಿದರೆ ತಲೆಗೆ 285 ಲೀಟರ್ ದಾಟುತ್ತದೆ. ಓದಿದ ಕೂಡಲೇ ‘ಅಬ್ಬಾ’ ಅನ್ನಿಸುತ್ತದೆ. ಆದರೆ ಈ ನೀರು ಕುಡಿಯಲು ಅಲ್ಲ, ಕೆರೆ ತುಂಬಿಸಿ ಅಂತರ್ಜಲ ಏರಿಸಲು. ಆವಿಯಾಗಿ ಹೋಗುವುದಿದೆ, ಇಂಗುವುದಿದೆ. ಹಾಗಾಗಿ ತಲಾ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಲೆಕ್ಕ ಸರಿಯಿದ್ದೂ ಅರ್ಥ ತಪ್ಪುವುದು ಹೀಗೆ.

ಇದೇ ಯೋಜನೆಯಲ್ಲಿ ಇನ್ನೊಂದು ಪಾರಿಭಾಷಿಕ ಪದವಿದೆ. ಎರಡನೇ ಹಂತದ ಸಂಸ್ಕರಣೆ ಎಂದರೆ ಕಸ, ಕೆಸರು ತಳಕ್ಕಿಳಿಸಿ, ಕರಗಿರುವ ಕೊಳೆಯನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸುವುದು. ಮೂರನೇ ಹಂತ ಎಂದರೆ ಅದರ ಮೇಲೆ ಮತ್ತೆ ಸೋಸುವುದು, ಸಾರಜನಕ, ರಂಜಕ ತೆಗೆಯುವುದು, ರೋಗಾಣು ಕೊಲ್ಲುವುದು. ಇಲ್ಲಿ ಮಾಡುತ್ತಿರುವುದು ಎರಡನೇ ಹಂತ. ಮೂರನೆಯದು ಬೇಕು ಎಂಬುದೇ ಜಗಳ. ಅದು ನ್ಯಾಯಾಲಯದವರೆಗೂ ಹೋಯಿತು. ಬರೀ ‘ಶುದ್ಧೀಕರಿಸಿದ ನೀರು’ ಎಂದು ಬರೆದ ಪುಸ್ತಕ, ‘ವಿಷದ ನೀರು’ ಎಂದು ಬರೆದ ಪುಸ್ತಕ, ಎರಡೂ ನಿಮಗೆ ಹೇಳಬೇಕಾದ್ದನ್ನು ಹೇಳಿಲ್ಲ. ಯಾವ ಹಂತ, ಯಾವ ವಸ್ತು ಎಷ್ಟು ಉಳಿದಿದೆ ಎಂದು ಹೇಳಿದರೆ ಮಾತ್ರ ಮುಂದೆ ಓದಿ.

‘ಎಷ್ಟು’ ಎನ್ನುವುದಕ್ಕೆ ಫ್ಲೋರೈಡ್ ಒಳ್ಳೆ ಪಾಠ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ಮೂಲ ಇಲ್ಲದಿದ್ದರೆ 1.5ರ ತನಕ ಎಂದು ಭಾರತೀಯ ಮಾನದಂಡ ಹೇಳುತ್ತದೆ. ಪಿಪಿಎಂ ಎಂದು ಬರೆದಿದ್ದರೂ ನೀರಿನ ಮಟ್ಟಿಗೆ ಅದೇ ಅಳತೆ. ‘ಫ್ಲೋರೈಡ್ ಪತ್ತೆಯಾಗಿದೆ’ ಎಂಬ ಸಾಲಿಗೆ ಬೆಲೆಯಿಲ್ಲ. ಎಲ್ಲಿ, ಎಷ್ಟು, ಯಾವ ವರ್ಷ ಎಂದು ಕೇಳಿ.

ಅಂತರ್ಜಲದ ಬಗ್ಗೆ ಓದುವಾಗ ‘ಶೇಕಡಾ ನೂರಕ್ಕಿಂತ ಜಾಸ್ತಿ ಬಳಕೆ’ ಎಂದು ಬರುತ್ತದೆ. ಇರುವುದಕ್ಕಿಂತ ಜಾಸ್ತಿ ಬಳಸುವುದು ಹೇಗೆ ಎಂದು ಗೊಂದಲವಾಗುತ್ತದೆ. ಆ ನೂರು ಎನ್ನುವುದು ಒಂದು ವರ್ಷದಲ್ಲಿ ಇಂಗುವ ನೀರಿನಲ್ಲಿ ನಾವು ತೆಗೆಯಬಹುದಾದ ಪಾಲು. ಅದಕ್ಕಿಂತ ಜಾಸ್ತಿ ಎಂದರೆ ಹಳೆಯ ದಾಸ್ತಾನಿಗೆ ಕೈಹಾಕಿದ್ದೇವೆ ಎಂದು. ಕೋಲಾರ, ಚಿಕ್ಕಬಳ್ಳಾಪುರದ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ‘ಅತಿಬಳಕೆ’ ಪಟ್ಟಿಯಲ್ಲಿ ಇಟ್ಟಿರುವುದು ಈ ಲೆಕ್ಕದಲ್ಲೇ.

ಹಂತ 6: ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರಿಗೆ ಇಲ್ಲವೇ ಇಲ್ಲ

ಶಿವನಸಮುದ್ರದ ವಿದ್ಯುತ್ ಕೆಜಿಎಫ್ ಗಣಿಗೆ ಬಂದಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಎಂಜಿನಿಯರಿಂಗ್ ಸಾಧನೆಯ ಪುಸ್ತಕ ಮೊದಲನೆಯದನ್ನು ಹೆಮ್ಮೆಯಿಂದ ಹೇಳುತ್ತದೆ, ಹೇಳಲೇಬೇಕು. ನೂರೈವತ್ತು ಕಿಲೋಮೀಟರ್ ಹತ್ತಿರ ತಂತಿ ಎಳೆಯುವುದು ಆ ಕಾಲಕ್ಕೆ ಸುಮ್ನೆ ಮಾತಲ್ಲ. ಆದರೆ ಎರಡೂ ವರ್ಷಗಳನ್ನು ಪಕ್ಕಪಕ್ಕ ಇಟ್ಟಾಗ ಇನ್ನೊಂದು ವಿಷಯ ಕಾಣುತ್ತದೆ. ವಿದ್ಯುತ್ತು ಮೊದಲು ಹೋಗಿದ್ದು ಹಣ ಕೊಡುವ ಗಣಿ ಕಂಪನಿಗೆ.

ಪ್ರತಿ ಅಧ್ಯಾಯ ಮುಗಿದಾಗ ಇದನ್ನು ಮಾಡಿ. ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ‘ಪುಸ್ತಕದಲ್ಲಿ ಮಾತಾಡಿದವರು’, ಬಲಕ್ಕೆ ‘ಮಾತಾಡದವರು’. ಪಾವಗಡದಲ್ಲಿ ಸರ್ಕಾರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಕೈಸುಟ್ಟುಕೊಂಡ ಹತ್ತು ಎಕರೆಯ ರೈತನಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಎರಡು ಎಕರೆಯವನಿಗೆ ತಿಂಗಳಿಗೆ 3,500. ಆ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದ ಜಮೀನಿಲ್ಲದ ಹೆಂಗಸಿಗೆ ಗುತ್ತಿಗೆ ಹಣ ಬರುವುದಿಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಎದುರಾಯಿತು. ಶುದ್ಧ ಇಂಧನದ ಬಗ್ಗೆ ಬರೆದ ಪುಸ್ತಕದಲ್ಲಿ ರೈತ, ಅಧಿಕಾರಿ, ಕಂಪನಿ ಮೂವರೂ ಮಾತಾಡಿ ಈ ಇಬ್ಬರು ಇಲ್ಲದಿದ್ದರೆ, ಪುಸ್ತಕ ಸುಳ್ಳಲ್ಲ, ಅರ್ಧ.

ಇದೇ ಹಂತದಲ್ಲಿ ಇನ್ನೊಂದು ಗುಂಡಿ ಇದೆ. ಬಲಗಡೆಯ ಪಟ್ಟಿ ಉದ್ದವಾದ ಕೂಡಲೇ ‘ಎಲ್ಲ ತಂತ್ರಜ್ಞಾನವೂ ಮೋಸ’ ಎಂಬ ತೀರ್ಮಾನಕ್ಕೆ ಹಾರುವುದು. ಕಲ್ಲಿದ್ದಲಿನ ಹೊಗೆ ಕುಡಿಯುವವರ ಪಟ್ಟಿಯನ್ನೂ ಬರೆದು ಆಮೇಲೆ ಹೋಲಿಸಿ.

ಹಂತ 7: ಎದುರು ಪಕ್ಷದ ಪುಸ್ತಕವನ್ನೂ ತನ್ನಿ

ಒಂದು ಪುಸ್ತಕ ತುಂಬ ಇಷ್ಟವಾದರೆ ಅದೇ ವಿಷಯಕ್ಕೆ ಬೇರೆ ಮಾತು ಹೇಳುವ ಇನ್ನೊಂದನ್ನು ಓದಿ. ಪೂರ್ತಿ ಬೇಡ, ಮುನ್ನುಡಿ ಮತ್ತು ಒಂದು ಅಧ್ಯಾಯ ಸಾಕು. ಇಬ್ಬರೂ ಒಪ್ಪುವ ಸಂಗತಿ ಯಾವುದು, ಜಗಳ ಎಲ್ಲಿಂದ ಶುರುವಾಗುತ್ತದೆ ಎಂದು ಮಾತ್ರ ಗುರುತಿಸಿ. ಎಷ್ಟೋ ಸಲ ಅಂಕಿಗಳಲ್ಲಿ ಜಗಳವೇ ಇರುವುದಿಲ್ಲ, ಯಾರ ಕಷ್ಟ ಲೆಕ್ಕಕ್ಕೆ ಬರಬೇಕು ಎಂಬಲ್ಲಿ ಇರುತ್ತದೆ.

ಹಂತ 8: ನಾಲ್ಕು ಜನ ಸೇರಿ ಓದುವುದಾದರೆ

ಎಲ್ಲರೂ ಇಡೀ ಪುಸ್ತಕ ಓದಬೇಕು ಎಂಬ ನಿಯಮ ಮಾಡಬೇಡಿ, ಎರಡನೇ ತಿಂಗಳಿಗೆ ಗುಂಪು ಮುಗಿಯುತ್ತದೆ. ಒಬ್ಬರಿಗೆ ಒಂದು ಅಧ್ಯಾಯ ಹಂಚಿ. ಗುಂಪಿನಲ್ಲಿ ವಿಷಯಕ್ಕೆ ಸಂಬಂಧಪಟ್ಟ ಕೆಲಸ ಮಾಡುವ ಒಬ್ಬರಾದರೂ ಇರಲಿ: ಬೋರ್ ಕೊರೆಸುವ ಏಜೆಂಟ್, ಲೈನ್‌ಮನ್, ನ್ಯಾಯಬೆಲೆ ಅಂಗಡಿಯವರು, ಆಶಾ ಕಾರ್ಯಕರ್ತೆ. ಅವರು ಪುಸ್ತಕ ಓದದಿದ್ದರೂ ಪರವಾಗಿಲ್ಲ. ಒಂದು ಪುಟ ಗಟ್ಟಿಯಾಗಿ ಓದಿ, ‘ಇದು ನಿಜವೇನಣ್ಣ?’, ‘ಹೀಗೇ ನಡೆಯುತ್ತಾ ಅಕ್ಕ?’ ಎಂದು ಕೇಳಿ, ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ. ಅವರ ಮಾತೂ ಪರೀಕ್ಷೆಗೆ ಹೊರತಲ್ಲ. ಅದನ್ನೂ ನೋಟ್‌ಬುಕ್‌ಗೆ ಇಳಿಸಿ.

ಇಂಗ್ಲಿಷ್ ಕಷ್ಟವಾಗುತ್ತದೆ ಎನ್ನುವವರು ಗುಂಪಿನಲ್ಲಿ ಇಂಗ್ಲಿಷ್ ಬಲ್ಲವರಿಗೆ ಒಂದು ಅಧ್ಯಾಯ ಕೊಟ್ಟು ಕನ್ನಡದಲ್ಲಿ ಹೇಳಿಸಿ. ಮೊಬೈಲ್‌ನ ಅನುವಾದ ಬಳಸುವುದಾದರೆ ಅಂಕಿ, ಅಳತೆ, ‘ಇಲ್ಲ’ ‘ಅಲ್ಲ’ ಇರುವ ವಾಕ್ಯಗಳನ್ನು ಮೂಲದ ಜೊತೆ ತಾಳೆ ನೋಡಿ. ಅದು ಜಾಸ್ತಿ ತಪ್ಪುವುದು ಅಲ್ಲೇ.

ಇಷ್ಟಾದ ಮೇಲೂ ‘ಒಂದು ಹೆಸರು ಹೇಳಿಬಿಡಿ’ ಎಂದರೆ: ನೀರು, ಮಣ್ಣಿನ ಪ್ರಶ್ನೆ ಇದ್ದವರು ‘ಇರುವುದೊಂದೇ ಭೂಮಿ’ ತೆಗೆದುಕೊಳ್ಳಿ. ಪವಾಡ, ನಂಬಿಕೆಯ ಬಗ್ಗೆ ಮನೆಯಲ್ಲಿ ವಾದ ನಡೆಯುತ್ತಿದ್ದರೆ ‘ತೆರೆದ ಮನ’. ಸಾಲ, ಮೊಬೈಲ್ ಆಪ್, ಕಂಪ್ಯೂಟರ್ ತೀರ್ಮಾನಗಳ ತಲೆನೋವಿದ್ದು ಇಂಗ್ಲಿಷ್ ಓದಬಲ್ಲವರು ಓನೀಲ್. ತಾಲ್ಲೂಕು ಗ್ರಂಥಾಲಯದಲ್ಲಿ ಸಿಗದಿದ್ದರೆ ಅಲ್ಲಿನ ಸಲಹಾ ಪುಸ್ತಕದಲ್ಲಿ ಹೆಸರು, ಲೇಖಕರು, ಪ್ರಕಾಶಕರು ಮೂರನ್ನೂ ಬರೆದು ಬನ್ನಿ. ಬರೀ ಹೆಸರು ಬರೆದರೆ ತರಿಸಲು ಅವರಿಗೂ ಕಷ್ಟ.